ಸಾವಿನ ಕಾರಣಗಳು ಮತ್ತು ರೋಗತಡೆ: ಕರಾವಳಿಯ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಆರೋಗ್ಯ ಶಿಬಿರಗಳಲ್ಲಿ, ಗ್ರಾಮಸಭೆಗಳಲ್ಲಿ, ಸ್ವಸಹಾಯ ಸಂಘಗಳ ವಾರದ ಕೂಟಗಳಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇವು ಊರಿಗೆ, ಜಿಲ್ಲೆಗೆ, ನಾಡಿಗೆ ಅನ್ವಯವಾಗುವ ಉತ್ತರಗಳು. ನಿಮ್ಮ ಸ್ವಂತ ಕಾಯಿಲೆಯ ಚಿಕಿತ್ಸೆಯನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು.

ಈಗಿನ ಕಾಲದಲ್ಲಿ ಜನ ಹೆಚ್ಚಾಗಿ ಯಾವ ಕಾರಣಗಳಿಂದ ಸಾಯುತ್ತಿದ್ದಾರೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 6.8 ಕೋಟಿ ಜನ ಸತ್ತರು. ಅವರಲ್ಲಿ ನೂರಕ್ಕೆ 13 ಮಂದಿಯ ಸಾವಿಗೆ ಕಾರಣ ಹೃದಯದ ರಕ್ತನಾಳಗಳು ಕಟ್ಟಿಕೊಳ್ಳುವ ಕಾಯಿಲೆ. ಆ ವರ್ಷ ಕೋವಿಡ್ ಎರಡನೆಯ ಸ್ಥಾನದಲ್ಲಿತ್ತು. ಪಾರ್ಶ್ವವಾಯು ಮತ್ತು ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಅದರ ಬೆನ್ನಿಗಿದ್ದವು.

ಭಾರತದ ಚಿತ್ರವೂ ಹೆಚ್ಚು ಬೇರೆಯಾಗಿಲ್ಲ. 1990ರಲ್ಲಿ ದೇಶದ ಒಟ್ಟು ಸಾವುಗಳಲ್ಲಿ ಶೇ. 37.9ರಷ್ಟು ಅಸಾಂಕ್ರಾಮಿಕ ರೋಗಗಳಿಂದ, ಅಂದರೆ ಹೃದ್ರೋಗ, ಪಾರ್ಶ್ವವಾಯು, ಕ್ಯಾನ್ಸರ್, ಮಧುಮೇಹ, ಶ್ವಾಸಕೋಶ ಮತ್ತು ಮೂತ್ರಪಿಂಡದ ಕಾಯಿಲೆಗಳಂಥವುಗಳಿಂದ ಸಂಭವಿಸುತ್ತಿದ್ದವು; 2016ರ ಹೊತ್ತಿಗೆ ಆ ಪಾಲು ಶೇ. 61.8ಕ್ಕೆ ಏರಿತು. ಈ ಏರಿಕೆಯನ್ನು ಅರ್ಥಮಾಡಿಕೊಳ್ಳುವಾಗ ಇನ್ನೊಂದು ಸಂಗತಿಯನ್ನು ಜೊತೆಗಿಟ್ಟುಕೊಳ್ಳಬೇಕು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯ ಮೂವತ್ತರ ಆಸುಪಾಸಿನಲ್ಲಿತ್ತು, ಈಗ 70ರ ಹತ್ತಿರವಿದೆ. ಸಿಡುಬು ತೊಲಗಿತು, ಮಕ್ಕಳ ಭೇದಿ, ದಡಾರ, ಬಾಣಂತಿಯರ ಸಾವು ಕಡಿಮೆಯಾದವು. ಆಗ ಐದು ವರ್ಷವೂ ತುಂಬದೆ ತೀರಿಹೋಗುತ್ತಿದ್ದ ಮಗು ಇಂದು ಅರವತ್ತು ದಾಟಿ ಬದುಕುತ್ತದೆ, ಆ ವಯಸ್ಸಿನಲ್ಲಿ ಬರುವ ಕಾಯಿಲೆಗಳು ಪಟ್ಟಿಯ ಮೇಲ್ಭಾಗಕ್ಕೆ ಬರುತ್ತವೆ. ಆತಂಕದ ಮಾತಿರುವುದು ಬೇರೆಡೆ: ಈ ಕಾಯಿಲೆಗಳು ನಲವತ್ತು, ಐವತ್ತರ ಪ್ರಾಯದವರನ್ನೂ ಕರೆದೊಯ್ಯುತ್ತಿವೆ.

ಈ ಲೆಕ್ಕ ಎಲ್ಲಿಂದ ಬರುತ್ತದೆ? ಪ್ರತಿಯೊಂದು ಸಾವಿಗೂ ವೈದ್ಯರು ಕಾರಣ ಬರೆಯುತ್ತಾರೆಯೇ?

ಬರೆಯುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ಶೇ. 22.5ಕ್ಕೆ ಮಾತ್ರ ವೈದ್ಯರು ಪ್ರಮಾಣೀಕರಿಸಿದ ಕಾರಣ ಇತ್ತು. ಹಾಗೆ ಪ್ರಮಾಣೀಕರಿಸಿದ ಸಾವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ, ಅಂದರೆ ಶೇ. 32.1, ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳಿಂದ ಆದವು. ಆದರೆ ಈ ದಾಖಲೆಗಳು ಬಹುಪಾಲು ಆಸ್ಪತ್ರೆಗಳಿಂದ, ಅದರಲ್ಲೂ ಪೇಟೆಯ ಆಸ್ಪತ್ರೆಗಳಿಂದ ಬಂದವು. ಕಾಡಂಚಿನ ಮನೆಯ ಜಗಲಿಯಲ್ಲಿ ಕೊನೆಯುಸಿರೆಳೆದ ಮುದುಕಿಯ ಕಾರಣ ಅಲ್ಲಿ ಸೇರಿರುವುದಿಲ್ಲ.

ಆ ಕೊರತೆಯನ್ನು ತುಂಬಲು ಇನ್ನೊಂದು ದಾರಿ ಇದೆ. ಭಾರತದ ಮಹಾ ನೋಂದಣಾಧಿಕಾರಿಗಳ ಕಚೇರಿಯು ದೇಶದ ಸಾವಿರಾರು ಹಳ್ಳಿ ಮತ್ತು ವಾರ್ಡ್‌ಗಳನ್ನು ಮಾದರಿಯಾಗಿ ಆಯ್ದುಕೊಂಡು ಅಲ್ಲಿನ ಪ್ರತಿ ಜನನ, ಮರಣವನ್ನು ಲೆಕ್ಕವಿಡುತ್ತದೆ. ಸಾವಾದ ಮನೆಗೆ ತರಬೇತಿ ಪಡೆದವರು ಹೋಗಿ ಎಷ್ಟು ದಿನ ಜ್ವರವಿತ್ತು, ಉಬ್ಬಸವಿತ್ತೇ, ಕೈಕಾಲು ಸ್ವಾಧೀನ ತಪ್ಪಿತ್ತೇ, ಬೀಡಿ ಸೇದುತ್ತಿದ್ದರೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಅದನ್ನು ಇಬ್ಬರು ವೈದ್ಯರು ಪ್ರತ್ಯೇಕವಾಗಿ ಓದಿ ಕಾರಣ ನಿರ್ಧರಿಸುತ್ತಾರೆ. ನಿಮ್ಮ ಮನೆಗೆ ಅಂಥವರು ಬಂದರೆ ದುಃಖದ ನಡುವೆಯೂ ಅರ್ಧ ಗಂಟೆ ಕುಳಿತು ಮಾತಾಡಿ. ಭಾರತದ ಹಳ್ಳಿಗಳಲ್ಲಿ ತಂಬಾಕು ಎಷ್ಟು ಜೀವ ತೆಗೆಯುತ್ತಿದೆ, ಹಾವು ಕಚ್ಚಿ ಎಷ್ಟು ಜನ ಸಾಯುತ್ತಿದ್ದಾರೆ ಎಂಬುದೆಲ್ಲ ಗೊತ್ತಾದದ್ದು ಇಂಥ ಮಾತುಕತೆಗಳಿಂದಲೇ.

ಸಾವಿನ ಕಾರಣದ ನಮೂನೆಯಲ್ಲಿ ‘ಹೃದಯ ಸ್ತಂಭನ’ ಎಂದು ಬರೆದಿದ್ದರು. ಅದು ತಪ್ಪೇ?

ಯಾವ ಕಾಯಿಲೆಯಿಂದ ಸತ್ತರೂ ಕೊನೆಗೆ ಹೃದಯ ನಿಲ್ಲುತ್ತದೆ, ಉಸಿರು ನಿಲ್ಲುತ್ತದೆ. ಅದು ಸಾವಿನ ಲಕ್ಷಣವೇ ಹೊರತು ಕಾರಣವಲ್ಲ. ಆಸ್ಪತ್ರೆಯಲ್ಲಿ ಸಾವಾದಾಗ ವೈದ್ಯರು ತುಂಬಬೇಕಾದ ನಮೂನೆ 4 ಇದೆ, ಆಸ್ಪತ್ರೆಯ ಹೊರಗಿನ ಸಾವಿಗೆ ನಮೂನೆ 4ಎ. ಅದರ ಮೊದಲ ಭಾಗದಲ್ಲಿ ಒಂದರ ಕೆಳಗೊಂದು ಗೆರೆಗಳಿರುತ್ತವೆ. ಮೇಲಿನ ಗೆರೆಯಲ್ಲಿ ಸಾವನ್ನು ನೇರವಾಗಿ ತಂದ ಸ್ಥಿತಿ, ಅದರ ಕೆಳಗೆ ಆ ಸ್ಥಿತಿಗೆ ಕಾರಣವಾದದ್ದು, ಎಲ್ಲಕ್ಕಿಂತ ಕೆಳಗೆ ಈ ಸರಣಿಯನ್ನೆಲ್ಲ ಆರಂಭಿಸಿದ ಮೂಲ ಕಾಯಿಲೆ. ಪ್ರತಿಯೊಂದರ ಎದುರು ಅದು ಎಷ್ಟು ಕಾಲದಿಂದ ಇತ್ತು ಎಂಬ ಅವಧಿ. ಎರಡನೆಯ ಭಾಗದಲ್ಲಿ ಸಾವಿಗೆ ಒತ್ತಾಸೆಯಾದ ಇತರ ಕಾಯಿಲೆಗಳನ್ನು ಬರೆಯಬೇಕು.

ಒಂದು ಉದಾಹರಣೆ ನೋಡೋಣ. ಜುಲೈ ತಿಂಗಳಲ್ಲಿ ಗದ್ದೆಯಲ್ಲಿ ನೇಜಿ ನೆಟ್ಟ ಮಹಿಳೆಗೆ ಜ್ವರ ಬರುತ್ತದೆ, ಮೈಕೈ ನೋವಿಗೆ ಮಾತ್ರೆ ನುಂಗಿ ನಾಲ್ಕು ದಿನ ಕಳೆಯುತ್ತಾರೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾರೆ. ಸರಿಯಾಗಿ ಬರೆದರೆ ಮೇಲಿನ ಗೆರೆಯಲ್ಲಿ ‘ಮೂತ್ರಪಿಂಡಗಳ ತೀವ್ರ ವೈಫಲ್ಯ, 2 ದಿನ’, ಕೆಳಗಿನ ಗೆರೆಯಲ್ಲಿ ‘ಇಲಿಜ್ವರ, 9 ದಿನ’, ಎರಡನೆಯ ಭಾಗದಲ್ಲಿ ‘ಮಧುಮೇಹ, 8 ವರ್ಷ’ ಎಂದಿರುತ್ತದೆ. ಅದರ ಬದಲು ‘ಹೃದಯ ಮತ್ತು ಶ್ವಾಸಕೋಶದ ಸ್ತಂಭನ’ ಎಂದಷ್ಟೇ ಬರೆದು ಸಹಿ ಹಾಕಿದರೆ ಆ ಹಳ್ಳಿಯ ಗದ್ದೆಗಳಲ್ಲಿ ಇಲಿಜ್ವರ ಇದೆ ಎಂಬ ಸುಳಿವು ಆ ಕಾಗದದಿಂದಲೇ ಅಳಿಸಿಹೋಗುತ್ತದೆ. ಅಂಕಿ ಅಂಶಗಳಲ್ಲಿ ಎಣಿಸುವುದು ಕೆಳಗಿನ ಗೆರೆಯ ಮೂಲ ಕಾರಣವನ್ನು, ಏಕೆಂದರೆ ತಡೆಯಲು ಸಾಧ್ಯವಿರುವುದು ಅದನ್ನೇ. ರೋಗತಡೆಯ ಕೆಲಸ ಆರಂಭವಾಗುವುದು ಈ ಗೆರೆಯಿಂದ ಎಂದೇ ಹೇಳಬೇಕು, ರಾತ್ರಿಪಾಳಿಯಲ್ಲಿ ದಣಿದಿರುವ ಕಿರಿಯ ವೈದ್ಯರಿಗೆ ಇದನ್ನು ಬರೆಯಲು ಬೇಕಾದ ತರಬೇತಿ ಮತ್ತು ಸಮಯವನ್ನು ಆಸ್ಪತ್ರೆಗಳು ಕೊಡಲೇಬೇಕು.

ಮಂಗಳೂರು, ಮಣಿಪಾಲಗಳಲ್ಲಿ ಇಷ್ಟೊಂದು ಸಾವುಗಳು ನೋಂದಣಿಯಾಗುತ್ತವೆ. ಇಲ್ಲಿನ ಗಾಳಿ, ನೀರು ಅಷ್ಟು ಕೆಟ್ಟಿದೆಯೇ?

ಹಾಗೆ ಹೇಳಲು ಆ ಸಂಖ್ಯೆಯೊಂದೇ ಸಾಲದು. ನಮ್ಮ ದೇಶದಲ್ಲಿ ಸಾವನ್ನು ನೋಂದಾಯಿಸುವುದು ಅದು ಸಂಭವಿಸಿದ ಸ್ಥಳದಲ್ಲಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ, ಮಂಗಳೂರಿನ ವೆನ್ಲಾಕ್‌ಗೆ, ಇಲ್ಲಿನ ಇತರ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕೊಡಗು, ಕಾಸರಗೋಡಿನಿಂದಲೂ ರೋಗಿಗಳು ಬರುತ್ತಾರೆ, ಬರುವವರಲ್ಲಿ ಹಲವರು ಅಲ್ಲಿ ಕೈಮೀರಿದ ಮೇಲೆ ಬಂದವರು. ಭಟ್ಕಳದವರೊಬ್ಬರು ಮಣಿಪಾಲದಲ್ಲಿ ತೀರಿಕೊಂಡರೆ ಆ ಸಾವು ಉಡುಪಿ ಜಿಲ್ಲೆಯ ದಾಖಲೆಗೆ ಬರುತ್ತದೆ. ಒಂದು ಊರಿನ ಆರೋಗ್ಯವನ್ನು ಅಳೆಯಬೇಕಾದರೆ ಸತ್ತವರ ವಾಸಸ್ಥಳದ ಪ್ರಕಾರ ಎಣಿಸಬೇಕು.

ಎರಡನೆಯ ಸಂಗತಿ ವಯಸ್ಸು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದರು. ದುಡಿಯುವ ಪ್ರಾಯದ ಗಂಡಸರು ಮುಂಬಯಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗಿರುವುದು ಇದಕ್ಕೆ ದೊಡ್ಡ ಕಾರಣ. ಮಕ್ಕಳ ಸಂಖ್ಯೆಯೂ ಇಲ್ಲಿ ಮೊದಲೇ ಇಳಿಯಿತು, ಹೀಗಾಗಿ ಊರಲ್ಲಿ ಉಳಿದವರಲ್ಲಿ ಹಿರಿಯರ ಪಾಲು ಹೆಚ್ಚು. ತಲಾ ಸಾವಿರ ಜನರಿರುವ ಎರಡು ಗ್ರಾಮಗಳನ್ನು ಊಹಿಸಿಕೊಳ್ಳಿ: ಒಂದರಲ್ಲಿ ಅರವತ್ತು ದಾಟಿದವರು 200, ಇನ್ನೊಂದರಲ್ಲಿ 100. ಎರಡೂ ಕಡೆ ಆ ವಯಸ್ಸಿನವರಲ್ಲಿ ವರ್ಷಕ್ಕೆ ನೂರಕ್ಕೆ 4 ಮಂದಿ ಸಾಯುತ್ತಾರೆಂದರೆ ಮೊದಲ ಗ್ರಾಮದಲ್ಲಿ 8, ಎರಡನೆಯದರಲ್ಲಿ 4 ಹಿರಿಯರ ಸಾವು ದಾಖಲಾಗುತ್ತದೆ. ಮೊದಲನೆಯದರಲ್ಲಿ ಸಾವು ಎರಡು ಪಟ್ಟು ಎಂದು ಹೆದರಿದರೆ ತಪ್ಪಾಗುತ್ತದೆ, ಏಕೆಂದರೆ ಪ್ರತಿಯೊಬ್ಬ ಹಿರಿಯರ ಅಪಾಯ ಎರಡೂ ಕಡೆ ಒಂದೇ. ಆದ್ದರಿಂದಲೇ ಜಿಲ್ಲೆಗಳನ್ನು ಹೋಲಿಸುವ ಮೊದಲು ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕುತ್ತಾರೆ. ಹಾಗೆ ಸರಿದೂಗಿಸದ ಸಂಖ್ಯೆಯನ್ನು ಮುಂದಿಟ್ಟು ಯಾರಾದರೂ ನಿಮ್ಮ ಊರನ್ನು ಹೊಗಳಿದರೂ ತೆಗಳಿದರೂ ನಂಬಬೇಡಿ.

ಹತ್ತಿರ ಹತ್ತಿರದಲ್ಲೇ ಮೂರ್ನಾಲ್ಕು ಯುವಕರು ಹೃದಯಾಘಾತದಿಂದ ತೀರಿಕೊಂಡರು. ಕೋವಿಡ್ ಲಸಿಕೆಯೇ ಕಾರಣವೇ?

ಎಳೆಯ ಪ್ರಾಯದ ಸಾವು ಇಡೀ ಊರನ್ನು ಅಲ್ಲಾಡಿಸುತ್ತದೆ; ಈ ಪ್ರಶ್ನೆ ಏಳುವುದು ಸಹಜ, ಅದಕ್ಕೆ ತಾಳ್ಮೆಯಿಂದ ಉತ್ತರ ಕೊಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ 47 ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದು ಹಠಾತ್ತನೆ ಸತ್ತವರ ಬಗ್ಗೆ ಅಧ್ಯಯನ ನಡೆಸಿ 2023ರಲ್ಲಿ ಪ್ರಕಟಿಸಿತು. ಲಸಿಕೆ ಹಠಾತ್ ಸಾವಿನ ಅಪಾಯವನ್ನು ಹೆಚ್ಚಿಸಿದ್ದು ಅದರಲ್ಲಿ ಕಂಡುಬರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದುದು ಕೋವಿಡ್ ತೀವ್ರವಾಗಿ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸವಿದ್ದವರಲ್ಲಿ, ಸಾಯುವ ಮುನ್ನ ಒಂದೆರಡು ದಿನಗಳೊಳಗೆ ಮಿತಿಮೀರಿ ಮದ್ಯ ಸೇವಿಸಿದ್ದವರಲ್ಲಿ ಅಥವಾ ತೀವ್ರವಾಗಿ ಮೈದಣಿಸಿಕೊಂಡಿದ್ದವರಲ್ಲಿ.

2025ರಲ್ಲಿ ಹಾಸನ ಜಿಲ್ಲೆಯಲ್ಲಿ ಸಾಲುಸಾಲು ಹೃದಯಾಘಾತದ ಸುದ್ದಿ ಬಂದಾಗ ರಾಜ್ಯ ಸರ್ಕಾರ ತಜ್ಞರ ಸಮಿತಿಯಿಂದ ಪರಿಶೀಲನೆ ಮಾಡಿಸಿತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದ್ರೋಗದ ಸಾವುಗಳೇ ಆಗಿರಲಿಲ್ಲ. ಹೃದ್ರೋಗದಿಂದ ಸತ್ತವರಲ್ಲಿ ಹೆಚ್ಚಿನವರಿಗೆ ಗೊತ್ತಿರುವ ಅಪಾಯಕಾರಿ ಅಂಶಗಳಿದ್ದವು. ಒಂದು ಸುದ್ದಿ ಮುಖಪುಟಕ್ಕೆ ಬಂದ ಮೇಲೆ, ಎಂದಿನಂತೆ ಆಗುತ್ತಿದ್ದ ಸಾವುಗಳೂ ಒಂದೊಂದಾಗಿ ಕಣ್ಣಿಗೆ ಬೀಳತೊಡಗುತ್ತವೆ. ಏರಿಕೆ ನಿಜವೋ ಅಲ್ಲವೋ ತಿಳಿಯಲು ಹಿಂದಿನ ವರ್ಷಗಳ ಅದೇ ತಿಂಗಳ ಲೆಕ್ಕ ಬೇಕು, ಅದಕ್ಕಾಗಿಯೇ ಕಾರಣಗಳನ್ನು ಪ್ರತಿವರ್ಷವೂ ಸರಿಯಾಗಿ ಬರೆದಿಟ್ಟಿರಬೇಕು. ಆದರೆ ಲಸಿಕೆ ಕಾರಣವಲ್ಲ ಎಂದಾಕ್ಷಣ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಧೂಮಪಾನ, ಅಳೆಸಿಕೊಳ್ಳದ ರಕ್ತದೊತ್ತಡ, ಗೊತ್ತಿಲ್ಲದ ಸಕ್ಕರೆ ಕಾಯಿಲೆ ನಮ್ಮ ಮೂವತ್ತೈದರ ತರುಣರಲ್ಲಿ ನಿಜವಾಗಿಯೂ ಇವೆ.

ಎದೆನೋವು ಬಂದಾಗ ಅದು ಗ್ಯಾಸ್ ಎಂದೇ ತೋರುತ್ತದೆ. ಎಷ್ಟು ಹೊತ್ತು ಕಾಯಬಹುದು?

ಕಾಯಬೇಡಿ. ‘ಗ್ಯಾಸ್ ಆಗಿರಬೇಕು’ ಎಂದು ಸೋಡಾ ಕುಡಿದು, ಜೀರಿಗೆ ಕಷಾಯ ಮಾಡಿಸಿಕೊಂಡು, ಎದೆಗೆ ಮುಲಾಮು ತಿಕ್ಕಿಸಿಕೊಂಡು ಬೆಳಗಾಗಲಿ ಎಂದು ಮಲಗಿದವರ ಕಥೆ ನಮ್ಮ ಊರುಗಳಲ್ಲಿ ಒಂದೆರಡಲ್ಲ. ಎದೆಯ ನಡುವೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು, ಬೆವರು, ಉಸಿರು ಕಟ್ಟಿದಂತಾಗುವುದು ಕಂಡರೆ ಹತ್ತಿರದ ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ತೆಗೆಸಬೇಕು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ ಕಾಣಿಸಬಹುದು.

ದೊಡ್ಡ ಆಸ್ಪತ್ರೆಗೆ ಒಂದೂವರೆ ಗಂಟೆ ಪ್ರಯಾಣಿಸುವ ಮೊದಲೇ ತಾಲ್ಲೂಕು ಮಟ್ಟದಲ್ಲಿ ಆರಂಭಿಕ ಚಿಕಿತ್ಸೆ ಸಿಗಲಿ ಎಂದು ಕರ್ನಾಟಕ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಂದಿತು. ಇಸಿಜಿಯನ್ನು ದೂರದಲ್ಲಿರುವ ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಇದು ಮೊದಲ ಗಂಟೆಗಳಲ್ಲಿ ಕೊಟ್ಟಾಗ ಹೆಚ್ಚು ಫಲ ಕೊಡುವ ಮದ್ದು.

ಕಾಯಿಲೆ ಬಂದವರಿಗೆ ಒಳ್ಳೆಯ ಚಿಕಿತ್ಸೆ ಕೊಟ್ಟರೆ ಸಾಲದೇ? ಆರೋಗ್ಯವಾಗಿರುವವರ ಹಿಂದೆ ಏಕೆ ಬೀಳುತ್ತೀರಿ?

ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಬ್ರಿಟನ್ನಿನ ಸಾಂಕ್ರಾಮಿಕಶಾಸ್ತ್ರಜ್ಞ ಜೆಫ್ರಿ ರೋಸ್ ಅವರು 1980ರ ದಶಕದಲ್ಲಿ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಗಟ್ಟಿಯಾಗಿ ನಿಂತಿದೆ. ಹತ್ತು ಸಾವಿರ ವಯಸ್ಕರಿರುವ ಒಂದು ಪೇಟೆಯಲ್ಲಿ 500 ಮಂದಿಗೆ ರಕ್ತದೊತ್ತಡ ಬಹಳ ಹೆಚ್ಚಿದೆ, ಮುಂದಿನ ಹತ್ತು ವರ್ಷಗಳಲ್ಲಿ ಅವರಲ್ಲಿ ಐವರಿಗೊಬ್ಬರು ಹೃದಯಾಘಾತಕ್ಕೋ ಪಾರ್ಶ್ವವಾಯುವಿಗೋ ತುತ್ತಾಗುತ್ತಾರೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅಲ್ಲಿಗೆ 100 ಮಂದಿ. ಉಳಿದ 9,500 ಮಂದಿಯ ಒತ್ತಡ ತುಸು ಮೇಲೆ, ತುಸು ಕೆಳಗೆ. ಅವರಲ್ಲಿ ನೂರಕ್ಕೆ ನಾಲ್ವರಿಗೆ ಮಾತ್ರ ಅಪಾಯ. ಆದರೂ ಅದು 380 ಮಂದಿ ಆಗುತ್ತದೆ. ‘ನನಗೇನೂ ಆಗಿಲ್ಲ’ ಎನ್ನುವ ಗುಂಪಿನಿಂದಲೇ ಹೆಚ್ಚು ಜನ ಆಸ್ಪತ್ರೆ ಸೇರುತ್ತಾರೆ.

ಆದ್ದರಿಂದ ತೀವ್ರ ಅಪಾಯದಲ್ಲಿರುವವರನ್ನು ಹುಡುಕಿ ಮಾತ್ರೆ ಕೊಡುವುದರ ಜೊತೆಗೆ ಇಡೀ ಊರಿನ ಉಪ್ಪು, ಹೊಗೆಸೊಪ್ಪು, ಎಣ್ಣೆ, ನಡಿಗೆ ಎಲ್ಲವೂ ಒಂದಿಷ್ಟು ಬದಲಾಗಬೇಕು. ಫಿನ್ಲೆಂಡಿನ ನಾರ್ತ್ ಕರೇಲಿಯಾ ಪ್ರಾಂತ್ಯದಲ್ಲಿ 1972ರಿಂದ ಇದನ್ನು ಮಾಡಿ ತೋರಿಸಿದರು. ಹೃದ್ರೋಗದ ಸಾವು ಅಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಎನ್ನುವ ಮಟ್ಟದಲ್ಲಿತ್ತು. ಗೃಹಿಣಿಯರ ಸಂಘಗಳು ಅಡುಗೆ ಬದಲಾಯಿಸಿದವು, ಡೈರಿಗಳು ಕಡಿಮೆ ಕೊಬ್ಬಿನ ಹಾಲು ತಂದವು, ಧೂಮಪಾನಕ್ಕೆ ಕಡಿವಾಣ ಬಿತ್ತು. ಕೆಲವು ದಶಕಗಳಲ್ಲಿ ದುಡಿಯುವ ಪ್ರಾಯದ ಗಂಡಸರಲ್ಲಿ ಹೃದ್ರೋಗದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು. ಭಾರತದಲ್ಲೂ ಎಣ್ಣೆ, ವನಸ್ಪತಿಗಳಲ್ಲಿ ಹೃದಯಕ್ಕೆ ಕೆಡುಕು ಮಾಡುವ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಬೇಕರಿಯಲ್ಲಿ ಬನ್ನು ಕೊಳ್ಳುವ ಮಗುವಿಗೆ ಅದು ಗೊತ್ತಿರಬೇಕಾಗಿಲ್ಲ, ಪ್ರಯೋಜನ ಮಾತ್ರ ಸಿಗುತ್ತದೆ. ಸಮುದಾಯದ ಮಟ್ಟದ ರೋಗತಡೆಯಲ್ಲಿ ಅತ್ಯಂತ ನ್ಯಾಯವಾದ ವಿಧಾನ ಇದೆಂದು ನಾವು ಭಾವಿಸುತ್ತೇವೆ, ಏಕೆಂದರೆ ಇದು ಓದಿದವರಿಗೂ ಓದದವರಿಗೂ ಸಮಾನವಾಗಿ ತಲುಪುತ್ತದೆ.

ಹಾಗಾದರೆ ಗಂಜಿ ಊಟಕ್ಕೆ ಉಪ್ಪಿನಕಾಯಿ, ಒಣಮೀನು ಎಲ್ಲವನ್ನೂ ಬಿಡಬೇಕೇ?

ಬಿಡಬೇಕಾಗಿಲ್ಲ, ಅಳತೆ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಎಲ್ಲ ಅಡುಗೆ ಸೇರಿ ಒಂದು ಸಣ್ಣ ಚಮಚದಷ್ಟು. ಕುಚ್ಚಲಕ್ಕಿ ಗಂಜಿ ಒಳ್ಳೆಯ ಆಹಾರ. ತೊಂದರೆ ಇರುವುದು ಗಂಜಿಗೆ ಉಪ್ಪು ಹಾಕಿ, ಅದರ ಮೇಲೆ ಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನು, ಹಪ್ಪಳ ಎಲ್ಲವೂ ಒಂದೇ ಊಟಕ್ಕೆ ಸೇರಿದಾಗ. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಗಂಜಿಯನ್ನು ಸಪ್ಪೆಯಾಗಿಯೇ ಉಣ್ಣಬಹುದು, ಜೊತೆಗೆ ಹೆಸರುಕಾಳು ಪಲ್ಯವೋ ಸೊಪ್ಪಿನ ತಂಬುಳಿಯೋ ಇರಲಿ.

ಹಿಂದಿನವರ ಅಡುಗೆ ಕ್ರಮದಲ್ಲಿಯೇ ಉಪ್ಪು ತೆಗೆಯುವ ಜಾಣ್ಮೆ ಇತ್ತು. ಮಳೆಗಾಲಕ್ಕೆಂದು ಭರಣಿಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆಯನ್ನು ಪಲ್ಯ ಮಾಡುವ ಮೊದಲು ಎರಡು ಮೂರು ಸಲ ನೀರು ಬದಲಿಸಿ ನೆನೆಸಿ ಹಿಂಡುತ್ತಿದ್ದರು, ಒಣಮೀನನ್ನು ಬಿಸಿನೀರಿನಲ್ಲಿ ಹಾಕಿಟ್ಟು ತೊಳೆಯುತ್ತಿದ್ದರು. ಅವಸರದಲ್ಲಿ ಈ ಹಂತಗಳನ್ನು ಬಿಡಬೇಡಿ. ಕಡಿಮೆ ಸೋಡಿಯಂ ಉಪ್ಪು ಕೊಳ್ಳುವವರು, ಮನೆಯಲ್ಲಿ ಮೂತ್ರಪಿಂಡದ ಕಾಯಿಲೆಯವರಿದ್ದರೆ ಮೊದಲು ವೈದ್ಯರನ್ನು ಕೇಳಿ. ಅದರಲ್ಲಿರುವ ಪೊಟ್ಯಾಸಿಯಂ ಅವರಿಗೆ ಅಪಾಯ ತರಬಹುದು.

ಬಿ.ಪಿ. ಮಾತ್ರೆ ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲವಂತೆ. ಶುರು ಮಾಡದೇ ಇರುವುದೇ ಒಳ್ಳೆಯದಲ್ಲವೇ?

ಮಾತ್ರೆ ಚಟ ಹಿಡಿಸುವುದಿಲ್ಲ. ಕಾಯಿಲೆ ಉಳಿದಿರುವ ತನಕ ಮದ್ದು ಬೇಕು, ಅಷ್ಟೇ. ತೂಕ ಇಳಿದು, ಉಪ್ಪು ಕಡಿಮೆಯಾದರೆ ವೈದ್ಯರೇ ಪ್ರಮಾಣ ತಗ್ಗಿಸುವುದುಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21 ಮಂದಿಗೆ ರಕ್ತದೊತ್ತಡ ಹೆಚ್ಚಿತ್ತು ಅಥವಾ ಅದಕ್ಕೆ ಮದ್ದು ನಡೆಯುತ್ತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆಯೂ ಮಾತ್ರೆಯೂ ಉಚಿತ. ಮಕ್ಕಳು ಪರವೂರಿನಲ್ಲಿದ್ದು, ತಂದೆತಾಯಿ ಇಬ್ಬರೇ ಮನೆಯಲ್ಲಿರುವ ಕಡೆ ಮಾತ್ರೆ ಮುಗಿದದ್ದು ಯಾರಿಗೂ ಗೊತ್ತಾಗದೆ ವಾರಗಟ್ಟಲೆ ಹೋಗುತ್ತದೆ. ಫೋನಿನಲ್ಲಿ ಊಟವಾಯಿತೇ ಎಂದು ಕೇಳುವಾಗಲೇ ಮಾತ್ರೆ ಎಷ್ಟು ಉಳಿದಿದೆ ಎಂದೂ ಕೇಳಿ.

ಮಲೇರಿಯಾದಿಂದ ಈಗ ಸಾಯುವವರೇ ಅಪರೂಪ. ಆದರೂ ಮಂಗಳೂರಿನಲ್ಲಿ ಅದಕ್ಕೆ ಇಷ್ಟು ಮಹತ್ವ ಏಕೆ?

ಸಾವು ಮಾತ್ರವೇ ರೋಗದ ಅಳತೆಯಲ್ಲ. ಕಟ್ಟಡ ನಿರ್ಮಾಣ ಭರದಿಂದ ಸಾಗಿದ 1990ರ ದಶಕದಿಂದ ಮಂಗಳೂರು ರಾಜ್ಯದ ಮಲೇರಿಯಾ ಭೂಪಟದಲ್ಲಿ ಎದ್ದುಕಾಣುವ ಊರಾಯಿತು. ಇಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್ ಬಗೆ. ಇದರ ಪರೋಪಜೀವಿ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಬಳಿಕ ಮತ್ತೆ ಜ್ವರ ತರುತ್ತದೆ. ಆದ್ದರಿಂದಲೇ ಜ್ವರ ಬಿಟ್ಟ ಮೇಲೂ ವೈದ್ಯರು ಹೇಳಿದಂತೆ 14 ದಿನ ಪ್ರೈಮಾಕ್ವಿನ್ ಮಾತ್ರೆ ಪೂರ್ಣಗೊಳಿಸಬೇಕು. ದಿನಗೂಲಿಯವರಿಗೆ ಮರಳಿ ಮರಳಿ ಬರುವ ಜ್ವರವೆಂದರೆ ತುಂಡಾದ ಸಂಬಳ, ಸಾಲ, ರಕ್ತಹೀನತೆ.

ನಗರದಲ್ಲಿ ಇದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಚರಂಡಿ ಬೇಕಿಲ್ಲ, ನಿಂತ ಶುದ್ಧ ನೀರು ಬೇಕು. ಹೊಸ ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ಕಟ್ಟಿ ನಿಲ್ಲಿಸಿದ ನೀರು, ಲಿಫ್ಟಿಗೆಂದು ತೋಡಿದ ಗುಂಡಿ, ಮುಚ್ಚಳವಿಲ್ಲದ ಟ್ಯಾಂಕ್, ಬಳಸದ ಬಾವಿ, ತಾರಸಿಯ ಮೇಲೆ ಹೊದೆಸಿದ ಟಾರ್ಪಾಲಿನ ಮಡಿಕೆ, ಇವೇ ಅದರ ತೊಟ್ಟಿಲು. ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು; ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸಿದರೆ ಆ ಸರಣಿ ಅಲ್ಲಿಗೇ ತುಂಡಾಗುತ್ತದೆ. ಬಾವಿ, ಕೆರೆಗಳಿಗೆ ಗಪ್ಪಿ ಮೀನು ಬಿಡುತ್ತಾರೆ. 2015ರಿಂದ ರೋಗಿಯ ವಿವರ ಟ್ಯಾಬ್ ಮೂಲಕ ಪಾಲಿಕೆಗೆ ಬೇಗನೆ ತಲುಪಿ, ಆ ಮನೆಯ ಸುತ್ತಲೇ ಲಾರ್ವಾ ಹುಡುಕುವ ವ್ಯವಸ್ಥೆ ಬಂತು. ರೋಗವೂ ಬಹಳಷ್ಟು ಇಳಿಯಿತು. ಹೊರ ರಾಜ್ಯಗಳಿಂದ ಬಂದ ಕಾರ್ಮಿಕರೇ ರೋಗ ತಂದರೆಂದು ದೂರುವುದನ್ನು ಆಗಾಗ ಕೇಳುತ್ತೇವೆ. ಆ ಸೊಳ್ಳೆಗಳು ಮೊದಲು ಕಚ್ಚುವುದು ಸೈಟಿನ ಶೆಡ್ಡಿನಲ್ಲಿ ಪರದೆಯಿಲ್ಲದೆ ಮಲಗುವ ಅವರನ್ನೇ, ಅವರಿಗೆ ಸೊಳ್ಳೆಪರದೆ ಮತ್ತು ರಕ್ತಪರೀಕ್ಷೆಯ ಏರ್ಪಾಡು ಮಾಡುವುದು ಕಟ್ಟಡದ ಮಾಲೀಕರ ಹೊಣೆ.

ಇಲಿಜ್ವರ, ಮಂಗನ ಕಾಯಿಲೆಗಳ ಭಯ ಈಗಲೂ ಇದೆಯೇ?

ಇದೆ. ಇಲಿಜ್ವರದ ಸೂಕ್ಷ್ಮಾಣು ಇಲಿ, ಹೆಗ್ಗಣ, ದನಗಳ ಮೂತ್ರದಿಂದ ಕೆಸರಿಗೆ ಸೇರಿ, ಒಡೆದ ಹಿಮ್ಮಡಿ ಅಥವಾ ಗಾಯದ ಮೂಲಕ ಮೈಯೊಳಗೆ ಹೋಗುತ್ತದೆ. ಗದ್ದೆ, ಅಡಿಕೆ ತೋಟ, ಹಟ್ಟಿಯಲ್ಲಿ ಕೆಲಸ ಮಾಡುವವರು ಮಳೆಗಾಲದಲ್ಲಿ ಜ್ವರ ಬಂದ ಮೊದಲೆರಡು ದಿನಗಳಲ್ಲೇ ವೈದ್ಯರಲ್ಲಿ ತಮ್ಮ ಕೆಲಸವನ್ನೂ ಹೇಳಬೇಕು. ಬೇಗ ಆರಂಭಿಸಿದರೆ ಸಾಮಾನ್ಯ ಆಂಟಿಬಯಾಟಿಕ್‌ನಿಂದಲೇ ಗುಣವಾಗುತ್ತದೆ.

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು, 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕನ್ನು ಕಾಡಿತು. ಅದನ್ನು ಹರಡುವುದು ಮೈಗೆ ಕಚ್ಚಿ ರಕ್ತ ಹೀರುವ ಉಣುಗು. ಕಾಡಿನಲ್ಲಿ ಮಂಗ ಸತ್ತುಬಿದ್ದಿರುವುದನ್ನು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ, ದರಗು ತರಲು ಹೋಗುವಾಗ ಮೈಮುಚ್ಚುವ ಬಟ್ಟೆ ಹಾಕಿ.

ಬೀಡಿ ಕಟ್ಟಿ, ಅಡಿಕೆ ಬೆಳೆದು ಬದುಕಿದ ಜಿಲ್ಲೆ ನಮ್ಮದು. ಇವುಗಳ ವಿರುದ್ಧ ಮಾತಾಡಿದರೆ ನಮ್ಮ ಹೊಟ್ಟೆಪಾಡೇನು?

ಈ ಪ್ರಶ್ನೆಯನ್ನು ಬದಿಗೆ ಸರಿಸಿ ಮಾತಾಡುವವರ ಆರೋಗ್ಯ ಶಿಕ್ಷಣ ಇಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ನೂಲು ಸುತ್ತಿ ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟುಬಂದ ಹೆಂಗಸರ ದುಡಿಮೆಯಿಂದ ಕರಾವಳಿಯ ಎಷ್ಟೋ ಮಕ್ಕಳು ಓದಿದರು. ಆದರೆ ದೇಶದಲ್ಲಿ ತಂಬಾಕಿನಿಂದ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂಬುದೂ, ಬೀಡಿ ಸಿಗರೇಟಿಗಿಂತ ಸೌಮ್ಯವೇನಲ್ಲ ಎಂಬುದೂ ಅಷ್ಟೇ ನಿಜ. ದಿನವಿಡೀ ತಂಬಾಕಿನ ಪುಡಿಯ ನಡುವೆ ಕೂರುವವರಿಗೆ ಕೆಮ್ಮು, ಬೆನ್ನುನೋವು ತಪ್ಪಿದ್ದಲ್ಲ. ಬೀಡಿ ಸೇದುವವರು ಕಡಿಮೆಯಾಗಬೇಕು, ಕಟ್ಟುವವರಿಗೆ ಬೇರೆ ದುಡಿಮೆ ಸಿಗಬೇಕು. ಎರಡನೆಯದಕ್ಕೆ ಸರ್ಕಾರದ ಹಣ ಬೇಕೆಂದು ಕೇಳುವುದು ರೋಗತಡೆಯ ಭಾಗವೇ ಆಗಿದೆ.

ಅಡಿಕೆಯ ಮಾತು ಇನ್ನೂ ನಾಜೂಕು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿದ್ದೇ ಅಡಿಕೆ ಬೆಳೆಗಾರರ ಕಷ್ಟಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಹೊಸ ಅಧ್ಯಯನ ಬೇಕೆನ್ನುತ್ತಾರೆ. ಆದರೆ ಗುಟ್ಕಾ, ಪಾನ್ ಮಸಾಲ ಜಗಿದು ಬಾಯಿ ಎರಡು ಬೆರಳಷ್ಟೂ ತೆರೆಯದಂತಾದ ಹದಿಹರೆಯದವರನ್ನು ದಂತವೈದ್ಯರು ದಿನವೂ ನೋಡುತ್ತಿದ್ದಾರೆ, ಆ ಬಾಯಿಬಿಗಿತ ಕ್ಯಾನ್ಸರಿಗೆ ತಿರುಗಬಲ್ಲದು. ಬಾಯಲ್ಲಿ ಮೂರು ವಾರ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಇದ್ದರೆ ಹಬ್ಬ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಮುಂದೂಡಬೇಡಿ.

ಬಚ್ಚಲ ಒಲೆಯ ಹೊಗೆಯಿಂದಲೂ ತೊಂದರೆಯೇ?

ಹೌದು. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಸ್ನಾನದ ಹಂಡೆಗೆ ತೆಂಗಿನ ಮಡಲು, ಸಿಪ್ಪೆ ಉರಿಸುತ್ತೇವೆ. ಊದುವವರು ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸರು. ಬೀಡಿ ಮುಟ್ಟದವರಿಗೂ ಉಬ್ಬಸದ ಕಾಯಿಲೆ ಬರುವುದು ಹೀಗೆ. ಹೊಗೆಕೊಳವೆ ಎತ್ತರಿಸಿ, ಸೌದೆ ಒಣಗಿಸಿ ಬಳಸಿ, ಪ್ಲಾಸ್ಟಿಕ್ ಚೀಲಗಳನ್ನು ಒಲೆಗೆ ಖಂಡಿತ ಹಾಕಬೇಡಿ.

ಅಪಘಾತ, ಆತ್ಮಹತ್ಯೆಗಳನ್ನು ಆರೋಗ್ಯದ ಲೆಕ್ಕಕ್ಕೆ ಏಕೆ ಸೇರಿಸುತ್ತಾರೆ?

ತಡೆಯಬಹುದಾದ ಸಾವುಗಳು ಆದ್ದರಿಂದ. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಹೆಲ್ಮೆಟ್ ಧರಿಸಿದರೆ ಬೈಕ್ ಅಪಘಾತದಲ್ಲಿ ಸಾವಿನ ಅಪಾಯ ಸುಮಾರು ಶೇ. 42, ತಲೆಗೆ ಪೆಟ್ಟಾಗುವ ಅಪಾಯ ಶೇ. 69 ಕಡಿಮೆಯಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡ ಫಲಿತಾಂಶ. ಹಿಂದೆ ಕುಳಿತವರಿಗೂ ಇದು ಅನ್ವಯ.

ಆತ್ಮಹತ್ಯೆಯನ್ನು ತಡೆಯಲಾಗದು ಎಂಬ ನಂಬಿಕೆ ಸುಳ್ಳು. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಎರಡು ದಶಕಗಳಲ್ಲಿ ಆತ್ಮಹತ್ಯೆ ಪ್ರಮಾಣ ಶೇ. 70ರಷ್ಟು ಇಳಿಯಿತು. ಕೆಟ್ಟ ಗಳಿಗೆ ದಾಟಿದರೆ ಹೆಚ್ಚಿನವರು ಬದುಕಿಕೊಳ್ಳುತ್ತಾರೆ. ನಿಮಗಾಗಲಿ ನಿಮ್ಮವರಿಗಾಗಲಿ ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಎಲ್ಲರೂ ಒಂದು ದಿನ ಸಾಯಲೇಬೇಕು. ಹಾಗಿರುವಾಗ ತಡೆಯುವುದು ಏನನ್ನು?

ಅಕಾಲದ ಸಾವನ್ನು. ಎಂಬತ್ತೆಂಟರ ಅಜ್ಜ ಹೃದಯದ ತೊಂದರೆಯಿಂದ ತೀರಿಕೊಳ್ಳುವುದಕ್ಕೂ ನಲವತ್ತೆಂಟರ ಮಗ ಅದರಿಂದಲೇ ಹೋಗುವುದಕ್ಕೂ ವ್ಯತ್ಯಾಸವಿದೆ. ಅಸಾಂಕ್ರಾಮಿಕ ರೋಗಗಳಿಂದ 30ರಿಂದ 70 ವರ್ಷದೊಳಗೆ ಆಗುವ ಸಾವನ್ನು 2030ರೊಳಗೆ ಮೂರನೆಯ ಒಂದರಷ್ಟು ತಗ್ಗಿಸಬೇಕೆಂಬುದು ವಿಶ್ವಸಂಸ್ಥೆಯ ಗುರಿಗಳಲ್ಲೊಂದು. ಪಾರ್ಶ್ವವಾಯುವಿನಿಂದ ಹತ್ತು ವರ್ಷ ಹಾಸಿಗೆ ಹಿಡಿಯುವುದು ಸಾವಿನ ಲೆಕ್ಕದಲ್ಲಿ ಕಾಣದಿದ್ದರೂ ತಡೆಯಬೇಕಾದದ್ದೇ.

ಮನೆಯಲ್ಲಿಯೇ ಸಾವಾದರೆ ಕಾರಣವನ್ನು ಹೇಳಲೇಬೇಕೇ? ಮರಣ ಪ್ರಮಾಣಪತ್ರದಲ್ಲಿ ಅದು ಎಲ್ಲರಿಗೂ ಕಾಣುತ್ತದೆಯಲ್ಲ?

ಕಾಣುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ನಿಮಗೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣವನ್ನು ನಮೂದಿಸುವಂತಿಲ್ಲ. ಕಾರಣ ಸೇರುವುದು ಅಂಕಿ ಅಂಶಗಳ ದಾಖಲೆಗೆ ಮಾತ್ರ. ಕ್ಷಯ, ಏಡ್ಸ್, ಕುಡಿತದಿಂದ ಯಕೃತ್ತು ಹಾಳಾದದ್ದು, ಆತ್ಮಹತ್ಯೆ ಇವುಗಳನ್ನು ಮನೆತನದ ಮರ್ಯಾದೆಗೆ ಹೆದರಿ ಮುಚ್ಚಿಡುವವರು ಈ ಮಾತನ್ನು ತಿಳಿದಿರಬೇಕು. 2023ರ ತಿದ್ದುಪಡಿಯ ನಂತರ, ವೈದ್ಯರು ಕಾರಣ ಬರೆದ ಪ್ರಮಾಣಪತ್ರದ ಒಂದು ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕು, ಅದನ್ನು ಕೇಳಿ ಪಡೆದುಕೊಂಡು ಓದಿ.

ಮನೆಯಲ್ಲಿ ಸಾವಾದರೆ 21 ದಿನಗಳೊಳಗೆ ಹಳ್ಳಿಯಲ್ಲಿ ಸ್ಥಳೀಯ ನೋಂದಣಾಧಿಕಾರಿಗೆ, ಪೇಟೆಯಲ್ಲಿ ನಗರಸಭೆಗೆ ಅಥವಾ ಮಹಾನಗರ ಪಾಲಿಕೆಗೆ ತಿಳಿಸಬೇಕು. ಆ ಅವಧಿಯಲ್ಲಿ ಶುಲ್ಕವಿಲ್ಲ. ಕೊನೆಯ ದಿನಗಳಲ್ಲಿ ನೋಡಿದ ವೈದ್ಯರಿದ್ದರೆ ನಮೂನೆ 4ಎ ತುಂಬಿಸಿಕೊಳ್ಳಿ. ವೈದ್ಯರು ಯಾರೂ ನೋಡಿರದಿದ್ದರೆ ಆಸ್ಪತ್ರೆಯ ಹಳೆಯ ಚೀಟಿಗಳು, ನುಂಗುತ್ತಿದ್ದ ಮಾತ್ರೆಗಳ ಹೆಸರು, ಜ್ವರ ಅಥವಾ ನೋವು ಶುರುವಾದ ದಿನ ಇಷ್ಟನ್ನು ಬರೆದಿಟ್ಟುಕೊಂಡು ಹೋಗಿ. ಉತ್ತರಕ್ರಿಯೆಯ ಗಡಿಬಿಡಿಯಲ್ಲಿ ಆ ಚೀಟಿಗಳನ್ನು ಎಸೆಯದಂತೆ ಮನೆಯ ಒಬ್ಬರಿಗೆ ಮೊದಲೇ ಹೇಳಿಟ್ಟಿರಿ.